ನಿಂತಲ್ಲೇ ಓಟ

ರಾತ್ರಿ ಎಂಟೂವರೆ ಹೊತ್ತಿಗೆ ಬೆಳ್ಳಂದೂರು, ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆಯ ಯಾವುದಾದರೂ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಸುಮ್ಮನೆ ಒಂದು ಸುತ್ತು ನಡೆದು ಬನ್ನಿ. ಕುಕ್ಕರಿನ ಸೀಟಿ, ಧಾರಾವಾಹಿಯ ಅತ್ತೆಯ ಕೂಗಾಟದ ನಡುವೆ ಬಾಗಿಲು ಬಾಗಿಲಿನಿಂದಲೂ ಒಂದೇ ಮಾತು ಕೇಳಿಸುತ್ತದೆ: “ಯೆಸ್ಟರ್‌ಡೇ ಐ ವರ್ಕ್ಡ್ ಆನ್ ದ ಸೇಮ್ ಸ್ಟೋರಿ. ಟುಡೇ ಐ ವಿಲ್ ಕಂಟಿನ್ಯೂ. ನೋ ಬ್ಲಾಕರ್ಸ್.”

ಇದಕ್ಕೆ ಸ್ಟ್ಯಾಂಡಪ್ ಎಂದು ಹೆಸರು. ಕೂತರೆ ಮಾತು ಬೆಳೆಯುತ್ತದೆ, ನಿಂತರೆ ಕಾಲು ನೋಯುತ್ತದೆ, ಕಾಲು ನೋಯುವಷ್ಟರಲ್ಲಿ ಮಾತು ಮುಗಿದಿರುತ್ತದೆ ಎನ್ನುವ ಸರಳ ಲೆಕ್ಕದ ಮೇಲೆ ಹುಟ್ಟಿದ ಸಭೆ. ಹದಿನೈದು ನಿಮಿಷ ದಾಟಬಾರದೆಂದು ನಿಯಮ. ನಮ್ಮ ಎಂಜಿನಿಯರುಗಳು ಇದನ್ನು ಬೀನ್ ಬ್ಯಾಗಿನಲ್ಲಿ ಒರಗಿ, ಹಾಸಿಗೆಯಲ್ಲಿ ಕಾಲು ಚಾಚಿ, ಕ್ಯಾಬಿನ ಹಿಂದಿನ ಸೀಟಿನಲ್ಲಿ ಕುಲುಕಿಸಿಕೊಂಡು ನಡೆಸಿ, ಮುಕ್ಕಾಲು ಗಂಟೆಗೆ ಹಿಗ್ಗಿಸಿದ್ದಾರೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಅಡ್ಡಿ ಏನಿದೆ ಎಂಬ ಮೂರು ಪ್ರಶ್ನೆಗಳನ್ನು, ಸಾಫ್ಟ್‌ವೇರ್ ತಂಡಗಳು ಪಾಲಿಸುವ ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯೇ 2020ರಲ್ಲಿ ಕೈಬಿಟ್ಟಿತು. ಆ ಸುದ್ದಿ ಇನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದೆ.

ಕೈಪಿಡಿ ಹದಿನೈದು ಪುಟವೂ ಇಲ್ಲ. ಓದಿದರೆ ಗೊತ್ತಾಗುತ್ತದೆ, ಈ ಸಭೆ ಕೆಲಸ ಮಾಡುವವರದು. ಇವತ್ತು ಯಾರ ಕೆಲಸಕ್ಕೆ ಯಾರು ಕೈ ಹಾಕಬೇಕು ಎಂದು ಅವರವರೇ ಮಾತಾಡಿಕೊಳ್ಳುವುದಕ್ಕೆ ಇರುವಂಥದ್ದು. ಸಾಹೇಬರಿಗೆ ವರದಿ ಒಪ್ಪಿಸುವುದಕ್ಕಲ್ಲ. ಆದರೆ ಕರೆಯಲ್ಲಿ ಯಾರಿದ್ದಾರೆ ನೋಡಿ: ಸ್ಕ್ರಮ್ ಮಾಸ್ಟರ್, ಪ್ರಾಜೆಕ್ಟ್ ಮ್ಯಾನೇಜರ್, ಡೆಲಿವರಿ ಮ್ಯಾನೇಜರ್, “ನಾನು ಸುಮ್ನೆ ಕೇಳಿಸ್ಕೊಳ್ತೀನಿ, ನೀವು ಮುಂದುವರಿಸಿ” ಎನ್ನುವ ಅಕೌಂಟ್ ಮ್ಯಾನೇಜರ್. ಕೋಡ್ ಬರೆಯುವ ಐದು ಜನರನ್ನು ಕೋಡ್ ಬರೆಯದ ಆರು ಜನ ಕೇಳಿಸಿಕೊಳ್ಳುತ್ತಾರೆ. ಇಷ್ಟು ಗಮನ ಕೊಡುವ ಶ್ರೋತೃವರ್ಗ ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಗೂ ಸಿಗುವುದಿಲ್ಲ.

ಕರಾವಳಿಯವರಿಗೆ ಇದೇನು ಹೊಸದಲ್ಲ. ಅವರಲ್ಲಿ ತಾಳಮದ್ದಳೆ ಇದೆ. ಪ್ರಸಂಗ ಕರ್ಣಾರ್ಜುನ ಕಾಳಗ, ಆದರೆ ಯಾರೂ ಬಿಲ್ಲು ಎತ್ತುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಸಾಲಾಗಿ ಕೂತ ಅರ್ಥಧಾರಿಗಳು ಮಾತಿನಲ್ಲೇ ಕುರುಕ್ಷೇತ್ರ ನಡೆಸುತ್ತಾರೆ. ಪಳಗಿದ ಅರ್ಥಧಾರಿ ಕರ್ಣನ ಸಾವನ್ನು ಬೆಳಗಿನ ಜಾವದವರೆಗೂ ಮುಂದೂಡಬಲ್ಲ. ಸ್ಟ್ಯಾಂಡಪ್ಪಿನಲ್ಲಿ ಪಳಗಿದ ಸೀನಿಯರ್ ಡೆವಲಪರ್ ಕೂಡ ಒಂದು ಬಗ್ಗನ್ನು ಅಷ್ಟೇ ಲೀಲಾಜಾಲವಾಗಿ ಎರಡೆರಡು ವಾರದ ಮೂರು ಸ್ಪ್ರಿಂಟ್ ಜೀವಂತ ಇಡುತ್ತಾನೆ. ಸೋಮವಾರ “ಅನಲೈಸ್ ಮಾಡ್ತಿದೀನಿ”. ಮಂಗಳವಾರ “ರೂಟ್ ಕಾಸ್ ಹತ್ರ ಬಂದಿದೀನಿ”. ಬುಧವಾರ “ಇನ್ನೊಂದು ಟೀಮ್ ಮೇಲೆ ಡಿಪೆಂಡೆನ್ಸಿ ಇದೆ”. ಗುರುವಾರ “ನೈಂಟಿ ಪರ್ಸೆಂಟ್ ಆಗಿದೆ”. ಉಳಿದ ಹತ್ತು ಪರ್ಸೆಂಟಿನ ಅರ್ಥಗಾರಿಕೆ ಮುಂದಿನ ವಾರಕ್ಕೆ. ಸ್ಕ್ರಮ್ ಮಾಸ್ಟರ್ ಭಾಗವತನ ಹಾಗೆ ಸ್ಕ್ರೀನ್ ಹಂಚಿಕೊಂಡು, ಮುಂದಿನ ಟಿಕೆಟ್ಟಿನ ನಂಬರು ಎತ್ತಿಕೊಡುತ್ತಾನೆ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಎದುರಾಳಿ ಮಧ್ಯೆ ಬಾಯಿ ಹಾಕಿ ಪ್ರಶ್ನೆ ಕೇಳುತ್ತಾನೆ. ಇಲ್ಲಿ ಎಲ್ಲರೂ ಮ್ಯೂಟ್.

ಈ ಕಲೆ ಬಾರದವನು ಕಾಲೇಜಿನಿಂದ ಆಗಷ್ಟೇ ಬಂದ ಹುಡುಗ. ಅವನು ಮೊದಲ ವಾರ ನಿಜ ಹೇಳಿಬಿಡುತ್ತಾನೆ: “ನಂಗೆ ಈ ಕೋಡ್ ಅರ್ಥನೇ ಆಗ್ತಿಲ್ಲ ಸರ್. ಎರಡು ದಿನದಿಂದ ಅಲ್ಲೇ ಇದೀನಿ.” ಕರೆಯಲ್ಲಿ ಸೂತಕ ಬಿದ್ದಂತಾಗುತ್ತದೆ. ಯಾರೋ ಗಂಟಲು ಸರಿಮಾಡಿಕೊಂಡು, “ಅದನ್ನ ಆಫ್‌ಲೈನ್ ತಗೊಳ್ಳೋಣ” ಎನ್ನುತ್ತಾರೆ. ಆಫ್‌ಲೈನ್ ಎಂಬುದು ಬೆಂಗಳೂರಿನ ಯಾವ ನಕ್ಷೆಯಲ್ಲೂ ಇಲ್ಲದ ಬಡಾವಣೆ. ಅಲ್ಲಿಗೆ ಹೋದ ಸಮಸ್ಯೆ ವಾಪಸು ಬಂದದ್ದನ್ನು ಕಂಡವರಿಲ್ಲ. ಎರಡನೇ ವಾರ ಹುಡುಗ “ನೋ ಬ್ಲಾಕರ್ಸ್” ಎನ್ನುತ್ತಾನೆ. ಅವನ ಟ್ರೈನಿಂಗ್ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಶುರು ಮಾಡಿದವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ರೆಸಾರ್ಟಿನಲ್ಲಿ ಹದಿನೇಳು ಜನ ಸೇರಿದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ವಿಕಿ ಕಂಡುಹಿಡಿದ ವಾರ್ಡ್ ಕನ್ನಿಂಗ್‌ಹ್ಯಾಮ್, ಸ್ಕ್ರಮ್ ಪದ್ಧತಿಯ ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್, ಇಂಥವರು. ಬಹುತೇಕ ಎಲ್ಲರೂ ಕೋಡಿನಲ್ಲಿ ಕೈ ಕೆಸರು ಮಾಡಿಕೊಂಡವರು. ದಪ್ಪ ದಪ್ಪ ದಾಖಲೆ ಬರೆಸಿ, ಎರಡು ವರ್ಷ ಕಾದು, ಕೊನೆಗೆ ಯಾರಿಗೂ ಬೇಡದ ಸಾಫ್ಟ್‌ವೇರ್ ಕೊಡುವ ಪದ್ಧತಿಯಿಂದ ರೋಸಿಹೋದವರು. ಅವರು ಬರೆದುಕೊಂಡದ್ದರ ತಾತ್ಪರ್ಯ: ಪ್ರಕ್ರಿಯೆಗಿಂತ ಮನುಷ್ಯರು ಮುಖ್ಯ, ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ, ಕರಾರಿನ ಚೌಕಾಸಿಗಿಂತ ಗ್ರಾಹಕನ ಜೊತೆ ಕೂತು ಮಾಡುವ ಕೆಲಸ ಮುಖ್ಯ, ಯೋಜನೆಗೆ ಜೋತು ಬೀಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮುಖ್ಯ. ನಾಲ್ಕು ಸಾಲು, ಜೊತೆಗೆ ಹನ್ನೆರಡು ತತ್ವ; ಇದಕ್ಕೆ ಇಟ್ಟ ಹೆಸರು ಅಜೈಲ್. ಹಿಮದಲ್ಲಿ ಜಾರಲು ಹೋದವರು ಅವರು. ಡೆಡ್‌ಲೈನಿನಲ್ಲಿ ಇವತ್ತಿಗೂ ಜಾರುತ್ತಿರುವವರು ನಾವು.

ಅವರು ಬೈದ ಹಳೆಯ ಪದ್ಧತಿಗೆ ವಾಟರ್‌ಫಾಲ್ ಎಂದು ಹೆಸರು. ಅದರ ಮೂಲಪುರುಷ ಎಂದು ಎಲ್ಲರೂ ಬೆರಳು ತೋರಿಸುವುದು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧದ ಕಡೆಗೆ. ಪಾಪ, ಆತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಚಿತ್ರ ಬರೆದು, ಹೀಗೇ ಮಾಡಹೊರಟರೆ ಅಪಾಯ, ಕೆಲಸ ಕೆಡುತ್ತದೆ ಎಂದು ಕೆಳಗೇ ಎಚ್ಚರಿಸಿದ್ದ. ಉದ್ಯಮ ಚಿತ್ರವನ್ನು ನೋಡಿತು, ಎಚ್ಚರಿಕೆಯನ್ನು ಓದಲಿಲ್ಲ. ಮುಂದೆ ಸ್ನೋಬರ್ಡಿನ ನಾಲ್ಕು ಸಾಲಿಗೆ ಬಂದದ್ದೂ ಇದೇ ಗತಿ.

ಅಮೆರಿಕದವರು ದಾಖಲೆ ಸಾಕು ಎನ್ನುತ್ತಿದ್ದ ಹೊತ್ತಿಗೆ ಬೆಂಗಳೂರು ದಾಖಲೆಯಲ್ಲೇ ಪದಕ ಗೆಲ್ಲುತ್ತಿತ್ತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಸಂಸ್ಥೆ ಸಿಎಂಎಂ ಎಂಬ ಐದು ಮೆಟ್ಟಿಲಿನ ಏಣಿ ಮಾಡಿತ್ತು. 1990ರ ದಶಕದಲ್ಲಿ ಮೋಟೊರೋಲಾದ ಬೆಂಗಳೂರು ಕೇಂದ್ರ ಐದನೇ ಮೆಟ್ಟಿಲು ಹತ್ತಿ, ಜಗತ್ತಿನಲ್ಲಿ ಆ ಎತ್ತರ ಮುಟ್ಟಿದ ಮೊದಮೊದಲ ಕೇಂದ್ರಗಳಲ್ಲಿ ಒಂದಾಯಿತು. ಆಮೇಲೆ ಸರತಿ ಸಾಲು. ಲೆವೆಲ್ ಫೈವ್ ಫಲಕ ಇಲ್ಲದ ಕಂಪನಿಯ ಗೇಟಿಗೆ ಗ್ರಾಹಕನ ಕಾರು ತಿರುಗುತ್ತಿರಲಿಲ್ಲ. ನಾನಿದನ್ನು ಹಗುರವಾಗಿ ಹೇಳುತ್ತಿಲ್ಲ. ಎಲ್ಲಿಯದೋ ಊರಿನ, ಹೆಸರೇ ಕೇಳದ ಎಂಜಿನಿಯರುಗಳನ್ನು ನಂಬಿ ಬ್ಯಾಂಕು, ವಿಮಾನ, ಆಸ್ಪತ್ರೆಗಳ ಕೆಲಸ ಕೊಡಬೇಕಾದರೆ ಯಾವುದೋ ಒಂದು ಮುದ್ರೆ ಬೇಕಿತ್ತು. ಆ ಮುದ್ರೆ ನಮ್ಮ ಹುಡುಗರಿಗೆ ಅನ್ನ ಕೊಟ್ಟಿತು.

ಕೆಲವು ವರ್ಷ ಕಳೆದ ಮೇಲೆ ಅದೇ ಗ್ರಾಹಕ ಕೇಳಿದ: “ನೀವು ಅಜೈಲ್ ಮಾಡ್ತೀರಾ?” ಗ್ರಾಹಕ ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಲೆವೆಲ್ ಫೈವ್ ಟೆಂಪ್ಲೇಟು ಮಾಡಿದ ಪ್ರೊಸೆಸ್ ವಿಭಾಗವೇ ಶನಿವಾರ, ಭಾನುವಾರ ಕೂತು ಅಜೈಲ್ ಟೆಂಪ್ಲೇಟು ಮಾಡಿತು. ಸೋಮವಾರದಿಂದ ಪ್ರಾಜೆಕ್ಟ್ ಮ್ಯಾನೇಜರ್ ಸ್ಕ್ರಮ್ ಮಾಸ್ಟರ್ ಆದರು, ಬಿಸಿನೆಸ್ ಅನಲಿಸ್ಟ್ ಪ್ರಾಡಕ್ಟ್ ಓನರ್ ಆದರು, ವಾರಕ್ಕೊಮ್ಮೆ ಇದ್ದ ಸ್ಟೇಟಸ್ ಮೀಟಿಂಗ್ ದಿನಕ್ಕೊಮ್ಮೆ ಆಯಿತು. ಬದಲಾವಣೆಗೆ ಹೊಂದಿಕೊಳ್ಳುವುದು ಎಂದರೆ ಇದೇ ಇರಬೇಕು. ಸ್ಕ್ರಮ್ ಮಾಸ್ಟರ್ ಆಗಲು ಎರಡು ದಿನದ ತರಗತಿ, 50 ಪ್ರಶ್ನೆಯ ಪರೀಕ್ಷೆ, 37 ಸರಿಯಾದರೆ ಪಾಸು, ಎರಡು ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನವೀಕರಣ. ಎಲ್‌ಎಲ್ ಹಿಡಿದವನು ಸ್ಕೂಟರ್ ಓಡಿಸುವ ಡಿಎಲ್‌ಗೆ ಒಂದು ತಿಂಗಳು ಕಾಯಬೇಕು. ಹತ್ತು ಜನರ ತಂಡ ಓಡಿಸಲು ಒಂದು ವಾರಾಂತ್ಯ ಸಾಕು.

ಪ್ರಕ್ರಿಯೆಗಿಂತ, ಸಲಕರಣೆಗಿಂತ ಮನುಷ್ಯ ಮುಖ್ಯ ಎಂಬ ಮೊದಲ ಸಾಲನ್ನು ಜಾರಿಗೆ ತರಲು ಮೊದಲು ಒಂದು ಸಲಕರಣೆ ಕೊಳ್ಳಲಾಯಿತು. ಅದು ಜಿರಾ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯದು. ಹೆಸರು ಬಂದದ್ದು ಜಪಾನೀ ಸಿನಿಮಾದ ಗೊಜಿರಾದಿಂದ. ಅಂದರೆ ಊರು ತುಳಿದು ಹಾಕುವ ಗಾಡ್ಜಿಲ್ಲಾ. ಹೆಸರಿಟ್ಟವರು ಏನನ್ನೂ ಮುಚ್ಚಿಟ್ಟಿಲ್ಲ. ಒಂದು ಸಾಲಿನ ತಪ್ಪು ತಿದ್ದಲು ಹತ್ತು ನಿಮಿಷ. ಅದಕ್ಕೊಂದು ಟಿಕೆಟ್ ತೆಗೆದು, ಎಪಿಕ್ಕಿಗೆ ಸೇರಿಸಿ, ಲೇಬಲ್ ಹಚ್ಚಿ, ಸ್ಪ್ರಿಂಟಿಗೆ ಎಳೆದು, ಅಂದಾಜು ತುಂಬಿ, ಒಂದೊಂದೇ ಕಾಲಂ ದಾಟಿಸಿ ಮುಗಿಸಲು ಅರ್ಧ ದಿನ. ಟಿಕೆಟ್ ಇಲ್ಲದೆ ತಿದ್ದಿದ ತಪ್ಪು, ಲೆಕ್ಕದ ಪ್ರಕಾರ, ತಿದ್ದಿದ್ದೇ ಅಲ್ಲ.

ಇನ್ನು ಅಂಕಗಳ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿದರೆ ಪ್ರೋಗ್ರಾಮರ್ ತಪ್ಪು ಹೇಳುತ್ತಾನೆ. ಎಲ್ಲ ಮನುಷ್ಯರೂ ತಪ್ಪು ಹೇಳುತ್ತಾರೆ. ಮದುವೆ ಬ್ಲೌಸ್ ಹೊಲಿಯುವ ಟೈಲರನ್ನು ಕೇಳಿ ನೋಡಿ. ಅದಕ್ಕೇ ದಿನದ ಲೆಕ್ಕ ಬೇಡ, ಈ ಕೆಲಸ ಆ ಕೆಲಸಕ್ಕಿಂತ ದೊಡ್ಡದೋ ಚಿಕ್ಕದೋ ಅಷ್ಟು ಹೇಳಿದರೆ ಸಾಕು ಎಂದು ಸ್ಟೋರಿ ಪಾಯಿಂಟ್ ಹುಟ್ಟಿತು. ಎಲ್ಲರೂ ಗುಟ್ಟಾಗಿ ಒಂದೊಂದು ಎಲೆ ಆರಿಸಿ, ಒಟ್ಟಿಗೆ ತೋರಿಸುವುದು; ಇದು ಪ್ಲಾನಿಂಗ್ ಪೋಕರ್, ಜೇಮ್ಸ್ ಗ್ರೆನ್ನಿಂಗ್ 2002ರಲ್ಲಿ ಹೇಳಿಕೊಟ್ಟದ್ದು. ಎಲೆಗಳ ಮೇಲೆ ಸಾಮಾನ್ಯವಾಗಿ 1, 2, 3, 5, 8, 13. ಫಿಬೊನಾಚಿ ಸಂಖ್ಯೆ ಎಂದು ಅಜೈಲ್ ಕೋಚ್ ಮಹಾಶಯರು ಘನವಾಗಿ ಪಾಠ ಮಾಡುತ್ತಾರೆ. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳ ಲೆಕ್ಕ ಹಾಕುವ ಮೊದಲೇ ನಮ್ಮ ಛಂದಶ್ಶಾಸ್ತ್ರದ ವಿರಹಾಂಕ, ಹೇಮಚಂದ್ರರು ಇದನ್ನು ಲಘು ಗುರುಗಳಲ್ಲಿ ಎಣಿಸಿ ಇಟ್ಟಿದ್ದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯನ್ನು ಮೂರು ಬಗೆಯಲ್ಲಿ ತುಂಬಬಹುದು, ನಾಲ್ಕನ್ನು ಐದು ಬಗೆಯಲ್ಲಿ, ಐದನ್ನು ಎಂಟು ಬಗೆಯಲ್ಲಿ, ಆರನ್ನು ಹದಿಮೂರು ಬಗೆಯಲ್ಲಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ಯಾರಾದರೂ ಕಾಗದದ ಮೇಲೆ ಬರೆದು ನೋಡಬಹುದು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಷ್ಟು ಕರಾರುವಾಕ್ಕಾದ ಸಂಖ್ಯೆಗಳನ್ನು ತಂದು ಹೀಗೆ ಬಳಸುತ್ತಾರೆ:

“ಎಲ್ರೂ ಕಾರ್ಡ್ ತೋರಿಸಿ. ಐದು, ಐದು, ಮೂರು, ಐದು... ಯಾರಪ್ಪಾ ಅದು ಹದಿಮೂರು?”

“ನಾನು ಸರ್. ಆ ಕೋಡ್ ತುಂಬಾ ಹಳೇದು. ಬರೆದೋರು ಯಾರೂ ಈಗ ಕಂಪನೀಲಿಲ್ಲ. ಅದನ್ನ ಮುಟ್ಟಿದ್ರೆ ಪೇಮೆಂಟ್ ಮಾಡ್ಯೂಲ್ ಬೀಳುತ್ತೆ.”

“ಗುಡ್ ಪಾಯಿಂಟ್. ಆದ್ರೆ ಕ್ಲೈಂಟಿಗೆ ಐದು ಅಂತ ಹೋದ ವಾರನೇ ಹೇಳಿಬಿಟ್ಟಿದೀವಿ.”

“ಹಾಗಾದ್ರೆ ಐದು ಸರ್.”

ತಂಡದಲ್ಲಿ ಒಮ್ಮತ ಮೂಡಿತು. ಸಭೆ ಬರಖಾಸ್ತಾಯಿತು. ಪೇಮೆಂಟ್ ಮಾಡ್ಯೂಲ್ ಮಾತ್ರ ಹುಡುಗನ ಮಾತನ್ನು ಮರೆಯಲಿಲ್ಲ. ಮೂರನೇ ವಾರ ಬಿತ್ತು.

ಆ ಐದು ಅಂಕ ಅಲ್ಲಿಂದ ಮ್ಯಾನೇಜರರ ಎಕ್ಸೆಲ್ ಹಾಳೆಗೆ ಹೋಗುತ್ತದೆ. ಅಲ್ಲಿ ಮೂಲೆಯ ಒಂದು ಕೋಶದಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ: ಒಂದು ಪಾಯಿಂಟ್ ಎಂದರೆ ಎಂಟು ಗಂಟೆ. ದಿನದ ಲೆಕ್ಕದಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಅಂಕ ಮುಂಬಾಗಿಲಿನಿಂದ ಹೊರಟು, ಹಿತ್ತಲ ಬಾಗಿಲಿನಿಂದ ದಿನವಾಗಿಯೇ ಒಳಬಂತು. ಎರಡು ವಾರದಲ್ಲಿ ಎಷ್ಟು ಅಂಕ ಮುಗಿಯಿತೋ ಅದು ತಂಡದ ವೆಲಾಸಿಟಿ. ಹೋದ ಸಲ ನಲವತ್ತು, ಈ ಸಲ ನಲವತ್ನಾಲ್ಕು. “ಸೂಪರ್, ನೆಕ್ಸ್ಟ್ ಐವತ್ತು ಮಾಡೋಣ” ಎಂದು ಮೇಲಿನಿಂದ ಅಪ್ಪಣೆ. ಐವತ್ತಲ್ಲ, ಎಪ್ಪತ್ತೂ ಮಾಡಬಹುದು. ಹೋದ ತಿಂಗಳು ಮೂರಾಗಿದ್ದ ಕೆಲಸ ಈ ತಿಂಗಳು ಐದಾದರೆ ಆಯಿತು. ಅಕ್ಕಿ, ಬೇಳೆ ಬೆಲೆ ಏರಿದರೆ ರಿಸರ್ವ್ ಬ್ಯಾಂಕು ತಲೆಕೆಡಿಸಿಕೊಳ್ಳುತ್ತದೆ. ಅಂಕದ ಹಣದುಬ್ಬರಕ್ಕೆ ಇಲ್ಲಿ ಚಪ್ಪಾಳೆ, ಪಿಜ್ಜಾ.

ಅಳತೆಯೇ ಗುರಿಯಾದ ದಿನ ಅದು ಅಳತೆಯಾಗಿ ಕೆಲಸಕ್ಕೆ ಬರುವುದಿಲ್ಲ ಎಂಬ ವಿಚಾರ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ 1975ರಿಂದ ಚಲಾವಣೆಯಲ್ಲಿದೆ. ಸ್ನೋಬರ್ಡಿನ ಹದಿನೇಳರಲ್ಲಿ ಒಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟನ್ನು ಕಂಡುಹಿಡಿದವನು ತಾನೇ ಇದ್ದರೂ ಇರಬಹುದೆಂದೂ, ಹಾಗಿದ್ದರೆ ಈಗ ಅದಕ್ಕಾಗಿ ವಿಷಾದವಿದೆ ಎಂದೂ ಬರೆದುಕೊಂಡಿದ್ದಾರೆ. ಹುಟ್ಟಿಸಿದವರೇ ಕೈಬಿಟ್ಟ ಈ ಕೂಸನ್ನು ಸಾಕಿ, ಸಲಹಿ, ದೊಡ್ಡದು ಮಾಡುತ್ತಿರುವವರು ಔಟರ್ ರಿಂಗ್ ರೋಡಿನವರು.

ಅಳೆಯುವ ಚಪಲ ಅಜೈಲಿಗಿಂತ ಹಳೆಯದು. 1982ರಲ್ಲಿ ಆಪಲ್ ಕಂಪನಿಯ ಲಿಸಾ ಕಂಪ್ಯೂಟರ್ ತಂಡದಲ್ಲಿ, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಎಂದು ಫಾರಂ ತುಂಬಿಸಲು ಶುರು ಮಾಡಿದರು. ಬಿಲ್ ಅಟ್ಕಿನ್ಸನ್ ಆ ವಾರ ಹಳೆಯ ಕೋಡನ್ನು ಹಿಂಡಿ, ಸೋಸಿ, ವೇಗ ಹೆಚ್ಚಿಸಿ, ಸುಮಾರು ಎರಡು ಸಾವಿರ ಸಾಲು ಕಿತ್ತು ಹಾಕಿದ್ದ. ಫಾರಮ್ಮಿನಲ್ಲಿ ಮೈನಸ್ 2000 ಎಂದು ಬರೆದ. ಕೆಲವು ವಾರಗಳ ನಂತರ ಅವನಿಗೆ ಫಾರಂ ಕೊಡುವುದನ್ನೇ ನಿಲ್ಲಿಸಿದರಂತೆ. ನಮ್ಮಲ್ಲಾಗಿದ್ದರೆ ಆ ಕೋಶ ಮೈನಸ್ಸನ್ನು ಒಪ್ಪದಂತೆ ಮಾಡಿ, ಎಚ್‌ಆರ್‌ನಿಂದ ಒಂದು ಇಮೇಲ್ ಬರುತ್ತಿತ್ತು. 2023ರಲ್ಲಿ ಮೆಕಿನ್ಸಿ ಸಲಹೆಗಾರರು, ಡೆವಲಪರ್ ಉತ್ಪಾದಕತೆಯನ್ನು ಖಂಡಿತ ಅಳೆಯಬಹುದು ಎಂದು ಸಾರಿದಾಗ ಕೆಂಟ್ ಬೆಕ್ ಉದ್ದುದ್ದ ಉತ್ತರ ಬರೆದರು: ನೀವು ಅಳೆಯುತ್ತಿರುವುದು ಬೆವರನ್ನು, ಅದರಿಂದ ಯಾರಿಗೆ ಏನು ಸಿಕ್ಕಿತು ಎಂಬುದನ್ನಲ್ಲ ಎಂಬರ್ಥದಲ್ಲಿ. ಡೆಲಿವರಿ ಮ್ಯಾನೇಜರುಗಳು ಯಾರ ಲೇಖನವನ್ನು ಸ್ಲೈಡಿಗೆ ಏರಿಸಿದರು ಎಂದು ಬೇರೆ ಹೇಳಬೇಕಿಲ್ಲ.

ಅಸಲು ವಿಷಯ ಕರಾರಿನಲ್ಲಿದೆ. ಯಾವ ಕೆಲಸಕ್ಕೂ ಮೂರು ಗೂಟ: ಏನು ಮಾಡಬೇಕು, ಯಾವಾಗ ಕೊಡಬೇಕು, ಎಷ್ಟು ದುಡ್ಡು. ಅಜೈಲಿನವರು ಹೇಳಿದ್ದು, ಸಮಯ ಮತ್ತು ದುಡ್ಡನ್ನು ಬಿಗಿಯಾಗಿ ಹಿಡಿ, “ಏನು” ಎಂಬುದನ್ನು ಸಡಿಲ ಬಿಡು. ಎರಡು ವಾರಕ್ಕೊಮ್ಮೆ ಓಡುವ ಸಾಫ್ಟ್‌ವೇರ್ ತೋರಿಸು, ಅದನ್ನು ನೋಡಿ ಮುಂದಿನದನ್ನು ಒಟ್ಟಿಗೆ ಕೂತು ತೀರ್ಮಾನಿಸಿ ಎಂದು. ಈ ಒಪ್ಪಂದ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಕ್ಯಾಲೆಂಡರ್. ನಮ್ಮ ಫಿಕ್ಸೆಡ್ ಬಿಡ್ ಕರಾರನ್ನು ಬಿಚ್ಚಿ ನೋಡಿ. ಏನು ಎಂಬುದು ಅನುಬಂಧ ಎ, ಯಾವಾಗ ಎಂಬುದು ಅನುಬಂಧ ಬಿ, ಎಷ್ಟು ದುಡ್ಡು, ತಡವಾದರೆ ಎಷ್ಟು ದಂಡ ಎಂಬುದು ಅನುಬಂಧ ಸಿ. ಮೂರೂ ಗೂಟ ನೆಲಕ್ಕೆ ಹೊಡೆದಿದೆ. ಮತ್ತು ಮೊದಲ ಪುಟದಲ್ಲೇ ಒಂದು ಸಾಲು: ಈ ಕೆಲಸ ಅಜೈಲ್ ಪದ್ಧತಿಯಲ್ಲಿ ನಡೆಯತಕ್ಕದ್ದು. ಮಧ್ಯದಲ್ಲಿ ಬದಲಾವಣೆ ಬೇಕೆಂದರೆ? ಬದಲಾವಣೆಗೆ ಸದಾ ಸ್ವಾಗತ. ಚೇಂಜ್ ರಿಕ್ವೆಸ್ಟ್ ಫಾರಂ ತುಂಬಿ, ಮೂರು ಸಹಿ ಹಾಕಿಸಿ, ದರ ಒಪ್ಪಿಸಿ. ಕರಾರಿನ ಚೌಕಾಸಿಗಿಂತ ಗ್ರಾಹಕನ ಜೊತೆಗಿನ ಕೆಲಸ ಮುಖ್ಯ ಎಂದು ಬರೆದ ಭಿತ್ತಿಪತ್ರದ ಕೆಳಗೇ ಕೂತು ಲೀಗಲ್ ವಿಭಾಗ ಆ ಫಾರಮ್ಮನ್ನು ಪರಿಶೀಲಿಸುತ್ತದೆ.

ಆ ಗ್ರಾಹಕನಾದರೂ ಎಲ್ಲಿದ್ದಾನೆ? ಎದುರುಬದುರು ಕೂತು ಮಾತಾಡುವುದಕ್ಕೆ ಸಮನಾದದ್ದಿಲ್ಲ ಎಂಬುದು ಹನ್ನೆರಡು ತತ್ವಗಳಲ್ಲಿ ಒಂದು. ಅವನು ಕ್ಯಾಲಿಫೋರ್ನಿಯಾದಲ್ಲಿ. ನಿಜವಾದ ಪ್ರಾಡಕ್ಟ್ ಓನರ್ ಅಲ್ಲಿ, ಅವನ ಬದಲಿಗೆ ಇಲ್ಲೊಬ್ಬ ಪ್ರಾಕ್ಸಿ ಪ್ರಾಡಕ್ಟ್ ಓನರ್. ಪಾಪದ ಈ ಪ್ರಾಕ್ಸಿಗೆ ಯಾವ ತೀರ್ಮಾನ ತೆಗೆದುಕೊಳ್ಳುವ ಹಕ್ಕೂ ಇಲ್ಲ. “ಕನ್ಫರ್ಮ್ ಮಾಡಿ ಹೇಳ್ತೀನಿ” ಎನ್ನುವ ಹಕ್ಕು ಮಾತ್ರ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಹುಟ್ಟಿದ ಅನುಮಾನಕ್ಕೆ ರಾತ್ರಿ ಎಂಟೂವರೆಗೆ ಉತ್ತರ ಸಿಗುತ್ತದೆ, ಅದೂ ಅವನು ಕಾಫಿ ಕುಡಿಯುತ್ತಾ ಒಳ್ಳೆಯ ಲಹರಿಯಲ್ಲಿದ್ದರೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆಂದರೆ, ಎಂಟೂವರೆಯ ಸಭೆ ಒಂಬತ್ತೂವರೆಯಾಗುತ್ತದೆ. ಮಾರ್ಚಿನವರೆಗೆ ಸರ್ಜಾಪುರ ರಸ್ತೆಯ ಎಷ್ಟೋ ಮನೆಗಳಲ್ಲಿ ಮಗು ಅಪ್ಪನ ಮುಖ ನೋಡದೆ ಮಲಗುತ್ತದೆ. ಸೂರ್ಯ ಉತ್ತರಾಯಣ, ದಕ್ಷಿಣಾಯನಗಳನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವುದು ನನಗೆ ಅನುಮಾನ.

ಹಾಗೆ ನೋಡಿದರೆ ಅಜೈಲಿನ ತಂದೆ ತಾಯಿಗಳಲ್ಲಿ ಒಂದಾದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯಲ್ಲಿ ವಾರಕ್ಕೆ ನಲವತ್ತು ಗಂಟೆ ಎಂಬುದು ಒಂದು ನಿಯಮವೇ ಆಗಿತ್ತು. ಒಂದು ವಾರ ಹೆಚ್ಚು ದುಡಿದರೆ ಮರುವಾರ ದುಡಿಯಕೂಡದು. ದುಡಿಯಲೇಬೇಕಾಗಿ ಬಂದರೆ ತಪ್ಪಿರುವುದು ಮನುಷ್ಯನಲ್ಲಲ್ಲ, ಯೋಜನೆಯಲ್ಲಿ ಎಂದು ಕೆಂಟ್ ಬೆಕ್ 1999ರಲ್ಲೇ ವಾದಿಸಿದ್ದರು. 2023ರ ಅಕ್ಟೋಬರಿನಲ್ಲಿ ನಮ್ಮ ನಾರಾಯಣ ಮೂರ್ತಿಯವರು ಯುವಕರು ಎಪ್ಪತ್ತು ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ರಾಜ್ಯ ಸರ್ಕಾರದ ಮುಂದೆ ಬಂತು, ನೌಕರರ ಸಂಘ ಪ್ರತಿಭಟನೆಗೆ ಇಳಿಯಿತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು ತೊಂಬತ್ತು ಎಂದರು. ನಲವತ್ತು, ಎಪ್ಪತ್ತು, ತೊಂಬತ್ತು: ಇದಕ್ಕಿಂತ ಒಳ್ಳೆಯ ವೆಲಾಸಿಟಿ ಯಾವ ತಂಡದಲ್ಲೂ ಕಂಡಿಲ್ಲ.

ದೊಡ್ಡ ಕಂಪನಿಗಳಿಗೆ ಒಂದು ತಂಡದ ಅಜೈಲ್ ಸಾಲದು. ಅವರಿಗಾಗಿ 2011ರಲ್ಲಿ ಸೇಫ್ ಎಂಬ ಚೌಕಟ್ಟು ಬಂತು. ಅದರ ನಕ್ಷೆಯನ್ನು ಒಮ್ಮೆ ನೋಡಿದರೆ ಕೆಂಪೇಗೌಡ ಮೆಜೆಸ್ಟಿಕ್ ನಿಲ್ದಾಣ ಸರಳ ಎನಿಸುತ್ತದೆ. ಅದರಲ್ಲಿ ರಿಲೀಸ್ ಟ್ರೈನ್ ಇದೆ, ಟ್ರೈನಿಗೊಬ್ಬ ಎಂಜಿನಿಯರ್ ಇದ್ದಾನೆ, ಹಳಿ ಯಾರದೆಂದು ಗೊತ್ತಿಲ್ಲ. 2012ರಲ್ಲಿ ಸ್ಪಾಟಿಫೈ ಕಂಪನಿಯ ಪದ್ಧತಿ ಎಂದು ಇನ್ನೊಂದು ಬಂತು: ಸ್ಕ್ವಾಡು, ಟ್ರೈಬು, ಚಾಪ್ಟರು, ಗಿಲ್ಡು. ಯಾವ ಗೆಜೆಟ್ಟಿನಲ್ಲೂ ಇಲ್ಲದ ಬುಡಕಟ್ಟುಗಳು ರಾತ್ರೋರಾತ್ರಿ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಹುಟ್ಟಿಕೊಂಡವು. ಸ್ಪಾಟಿಫೈನವರೇ ಅದನ್ನು ಪೂರ್ತಿ ಪಾಲಿಸಿರಲಿಲ್ಲ ಎಂದು ಅಲ್ಲಿದ್ದವರು ಆಮೇಲೆ ಬರೆದರು. ಅಷ್ಟು ಹೊತ್ತಿಗೆ ಇಲ್ಲಿ ವಿಸಿಟಿಂಗ್ ಕಾರ್ಡ್ ಪ್ರಿಂಟಾಗಿತ್ತು.

ತಮಾಷೆಯೆಂದರೆ ಇವರು ಹುಡುಕುತ್ತಿರುವುದರ ಒಂದು ತುಂಡು ಮೈಸೂರು ರಸ್ತೆಯಲ್ಲೇ ಇದೆ. ಜಿರಾದ ಕಾಲಂ ಕಾಲಂ ಇರುವ ಹಲಗೆಗೆ ಕಾನ್‌ಬಾನ್ ಎಂಬ ಹೆಸರು ಬಂದದ್ದು ಟೊಯೊಟಾದಿಂದ; ಆ ಕಂಪನಿಯ ಕಾರ್ಖಾನೆ ಬಿಡದಿಯಲ್ಲಿದೆ. ಟೊಯೊಟಾ ಪದ್ಧತಿಯಲ್ಲಿ ಎರಡು ಮಾತು ಮುಖ್ಯ. ಕೈಯಲ್ಲಿರುವ ಕೆಲಸ ಮುಗಿಯದೆ ಹೊಸದನ್ನು ಮೇಲೆ ಹೇರುವಂತಿಲ್ಲ. ಎರಡನೆಯದು, ತಪ್ಪು ಕಂಡರೆ ಸಾಮಾನ್ಯ ಕಾರ್ಮಿಕನೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ನಾವು ಹಲಗೆ ತಂದೆವು, ಬಣ್ಣದ ಚೀಟಿ ತಂದೆವು. ಹಗ್ಗ ತರಲಿಲ್ಲ. ಹದಿಮೂರರ ಎಲೆ ತೋರಿಸಿದ ಹುಡುಗ ಎಳೆಯಲು ಹೋದದ್ದು ಆ ಹಗ್ಗವನ್ನೇ.

ಎರಡು ವಾರದ ಕೊನೆಗೆ ರೆಟ್ರೋಸ್ಪೆಕ್ಟಿವ್ ಎಂಬ ಸಭೆ. ಏನು ಚೆನ್ನಾಗಿತ್ತು, ಏನು ಚೆನ್ನಾಗಿರಲಿಲ್ಲ, ಬಿಚ್ಚುಮನಸ್ಸಿನಿಂದ ಹೇಳಿ. ಹೇಳಿದ್ದನ್ನು ಬರೆದುಕೊಳ್ಳುವವರು ಮಾರ್ಚಿನಲ್ಲಿ ನಿಮ್ಮ ರೇಟಿಂಗ್ ಬರೆಯುವವರೇ. ಹನ್ನೊಂದೂವರೆ ತಿಂಗಳು ತಂಡ, ತಂಡ ಎಂದು ಜಪ. ಒಬ್ಬರ ಸೋಲು ಎಲ್ಲರ ಸೋಲು. ಅಪ್ರೈಸಲ್ ಬಂದ ಕೂಡಲೇ ಬೆಲ್ ಕರ್ವ್ ಹಾಸಿ, ಇದೇ ತಂಡದಲ್ಲಿ ಒಬ್ಬನನ್ನು ಕೊನೆಯ ಪೆಟ್ಟಿಗೆಗೆ ತಳ್ಳಲೇಬೇಕು. ಪಕ್ಕದವನ ಕೋಡನ್ನು ಕೂತು ತಿದ್ದಿಕೊಟ್ಟವಳ ಹೆಸರಿನಲ್ಲಿ ಟಿಕೆಟ್ ಕಡಿಮೆ, ಆದ್ದರಿಂದ ಹೈಕ್ ಕಡಿಮೆ. ಮರುವರ್ಷ ಅವಳು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಆಗ ಒಬ್ಬ ಅಜೈಲ್ ಕೋಚ್ ಬಂದು, ಈ ತಂಡದಲ್ಲಿ ಒಡನಾಟ ಕಡಿಮೆಯಾಗಿದೆ ಎಂದು ಪತ್ತೆಹಚ್ಚಿ, ಎಲ್ಲರನ್ನೂ ಕನಕಪುರ ರಸ್ತೆಯ ರೆಸಾರ್ಟಿಗೆ ಕರೆದೊಯ್ದು ಹಗ್ಗಜಗ್ಗಾಟ ಆಡಿಸುತ್ತಾನೆ.

ಕೋಚುಗಳ ಕಾಲವೂ ಅಷ್ಟು ಚೆನ್ನಾಗಿಲ್ಲ. 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು ಸುಮಾರು 1,100 ಅಜೈಲ್ ಹುದ್ದೆಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಬದಲಾವಣೆಗೆ ಹೊಂದಿಕೊಳ್ಳಿ ಎಂದು ಊರಿಗೆಲ್ಲ ಹೇಳಿಕೊಟ್ಟವರಿಗೇ ಆ ಪಾಠದ ಪ್ರಾಯೋಗಿಕ ಪರೀಕ್ಷೆ.

ಇಷ್ಟೆಲ್ಲ ಅಳತೆ, ಇಷ್ಟೆಲ್ಲ ಓಟ. ಉತ್ಪಾದಕತೆ ನಿಜಕ್ಕೂ ಹೆಚ್ಚಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫಿಕ್ಸೆಡ್ ಬಿಡ್ ಅಲ್ಲದ ಕರಾರಿನಲ್ಲಿ ಗ್ರಾಹಕ ದುಡ್ಡು ಕೊಡುವುದು ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ. ಇಪ್ಪತ್ತು ಜನ ಒಂದು ವರ್ಷ ಮಾಡುವ ಕೆಲಸವನ್ನು ಹತ್ತು ಜನ ಆರು ತಿಂಗಳಲ್ಲಿ ಮುಗಿಸಿದರೆ ಬಿಲ್ಲು ಕಾಲು ಭಾಗಕ್ಕೆ ಇಳಿಯುತ್ತದೆ, ಮಿಕ್ಕವರು ಕೆಲಸವಿಲ್ಲದೆ ಬೆಂಚಿಗೆ ಬರುತ್ತಾರೆ. ಡೆಲಿವರಿ ಮ್ಯಾನೇಜರರ ಸ್ವಂತ ರೇಟಿಂಗ್ ನಿಂತಿರುವುದು ಅವರ ಕೈಕೆಳಗೆ ಎಷ್ಟು ತಲೆ ಬಿಲ್ ಆಗುತ್ತಿದೆ ಎಂಬುದರ ಮೇಲೆ.

ಗೆಳೆಯನೊಬ್ಬನ ತಂಡದಲ್ಲಿ ಇಬ್ಬರು ಟೆಸ್ಟರ್ ಹುಡುಗಿಯರು, ಯಾರೂ ಹೇಳದೆ, ಯಾವ ಟಿಕೆಟ್ಟೂ ಇಲ್ಲದೆ, ಒಂದು ಸ್ಕ್ರಿಪ್ಟ್ ಬರೆದರು. ಪ್ರತಿ ರಿಲೀಸಿಗೂ ನಾಲ್ವರು ಒಂದು ವಾರ ಕೂತು ಕೈಯಲ್ಲಿ ಮಾಡುತ್ತಿದ್ದ ಪರೀಕ್ಷೆಯೆಲ್ಲ ಊಟ ಮುಗಿಸಿ ಬರುವಷ್ಟರಲ್ಲಿ ಮುಗಿಯಿತು. ಖುಷಿಯಿಂದ ಮ್ಯಾನೇಜರಿಗೆ ತೋರಿಸಿದರು. ಅವರು ಕೆಟ್ಟವರಲ್ಲ; ಬೆನ್ನು ತಟ್ಟಿದರು, ಗ್ರೂಪಿನಲ್ಲಿ ಇಬ್ಬರ ಫೋಟೋ ಹಾಕಿದರು. ಆಮೇಲೆ ಕ್ಯಾಬಿನ್ನಿಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಕ್ಲೈಂಟ್ ಕಾಲ್‌ನಲ್ಲಿ ಇದನ್ನ ಎತ್ತಬೇಡಿ, ಆಯ್ತಾ? ಕಾಂಟ್ರಾಕ್ಟ್ ರಿನ್ಯೂವಲ್ ಮುಗೀಲಿ. ಅಲ್ಲೀವರೆಗೂ ಟೆಸ್ಟಿಂಗ್ ಸ್ಟೋರಿ ಹಾಗೇ ಇರ್ಲಿ.”

“ಎಷ್ಟು ಪಾಯಿಂಟ್ ಹಾಕ್ಲಿ ಸರ್?”

“ಯಾವಾಗ್ಲೂ ಹಾಕೋದು ಎಷ್ಟು, ಹದಿಮೂರಾ? ಅಷ್ಟೇ ಹಾಕಿಬಿಡಮ್ಮ.”